ವಿಂಡೋಸ್ 10 ಮುಗೀತು: ಸಂಘದ ಕಂಪ್ಯೂಟರಿಗೆ ‘ಸ್ವದೇಶಿ’ ಬೇಕೋ, ‘ಮುಕ್ತ’ ಬೇಕೋ?

ಬೆಟಗೇರಿ ಖಾತೆಪುಸ್ತಕ

ಗದಗ-ಬೆಟಗೇರಿ ಕಡೆ ಒಂದು ಪತ್ತಿನ ಸಹಕಾರಿ ಸಂಘದ ಸಲುವಾಗಿ ಕೇಳಾಕತ್ತೀನಿ. 9 ಯಂತ್ರ ಅದಾವ. ಎಲ್ಲಾ ಇಂಟೆಲ್ ಐ3, 4ನೇ ತಲೆಮಾರು, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕ ನಿಂತೈತಿ. ವಿಂಡೋಸ್ 11 ಇವಕ್ಕ ಕೂಡೂದಿಲ್ಲ.

ಆಡಳಿತ ಮಂಡಳಿಯೊಳಗ ಎರಡು ಪಕ್ಷ ಆಗೇತಿ. ಒಬ್ಬರು ‘ಕೇಂದ್ರ ಸರ್ಕಾರನ ಜೋಹೊಕ್ಕ ಹೋಗೇತಿ, ನಾವೂ ಸ್ವದೇಶಿ ತಗೊಳ್ಳೂಣು’ ಅಂತಾರ. ಇನ್ನೊಬ್ಬರು ‘ವಿಂಡೋಸ್ ಬದಲಿಗೆ ಲಿನಕ್ಸ್ ಹಾಕ್ರಿ, ಪುಕ್ಕಟೆ ಬರ್ತೈತಿ’ ಅಂತಾರ. ಇಬ್ಬರೂ ಒಂದ ಮಾತು ಹೇಳಾಕತ್ತಾರೋ, ಬ್ಯಾರೆ ಬ್ಯಾರೆನೋ ತಿಳಿವಲ್ದು. ನಡಿಯೋ ಕೆಲಸ ಇಷ್ಟು: ಟ್ಯಾಲಿಯೊಳಗ ಲೆಕ್ಕ, ನುಡಿ ತಂತ್ರಾಂಶದೊಳಗ ಕನ್ನಡ ಠರಾವು-ನೋಟಿಸು, ಪಾಸ್‌ಬುಕ್ ಪ್ರಿಂಟು, ಡಿಜಿಟಲ್ ಸಹಿ, ಇಲಾಖೆ ಕಳಿಸೋ ಎಕ್ಸೆಲ್ ನಮೂನೆ. ಯಾವುದು ಎಲ್ಲಿ ಸಿಕ್ಕಿಬೀಳತೈತಿ ಅಂತ ತಿಳಿದವರು ಹೇಳ್ರಿ.

ಸಪ್ತಾಪುರ ಸರ್ವರ್

ಬ್ಯಾರೆ ಬ್ಯಾರೆ ಮಾತ್ರಿ ಅವು. ಮೊದಲ ಅದನ್ನ ಬಿಡಿಸಿಟ್ಟುಕೊಂಡ್ರ ಮುಂದಿನ ಕೆಲಸ ಹಗುರ ಆಗ್ತದ.

‘ಸ್ವದೇಶಿ’ ಅಂದ್ರ ಕಂಪನಿ ಯಾರದು, ಸರ್ವರ್ ಎಲ್ಲೆ ಅದ ಅನ್ನೋ ಪ್ರಶ್ನೆ. ‘ಮುಕ್ತ’ ಅಂದ್ರ ಮೂಲ ಸಂಕೇತ (ಸೋರ್ಸ್ ಕೋಡ್) ಓದಲಿಕ್ಕೆ, ತಿದ್ದಲಿಕ್ಕೆ, ಮತ್ತೊಬ್ಬರಿಗೆ ಕೊಡಲಿಕ್ಕೆ ಹಕ್ಕು ಅದನೋ ಇಲ್ಲೋ ಅನ್ನೋ ಪ್ರಶ್ನೆ. ಜೋಹೊ ತಮಿಳುನಾಡಿನ ಕಂಪನಿ. ಸ್ವದೇಶಿ ಹೌದು, ಆದ್ರ ಅದರ ಆಫೀಸ್ ಸೂಟಿನ ಮೂಲ ಸಂಕೇತ ಮುಚ್ಚಿದ್ದು. ಲಿಬ್ರೆಆಫೀಸ್ ಅನ್ನೋ ಮುಕ್ತ ಆಫೀಸ್ ಸೂಟ್ ನಡಸೋ ಪ್ರತಿಷ್ಠಾನ ಬರ್ಲಿನ್ನಿನದು. ವಿಳಾಸ ವಿದೇಶದ್ದು, ಸಂಕೇತ ಎಲ್ಲರದು. ನಿಮ್ಮ ಟ್ಯಾಲಿ ಬೆಂಗಳೂರಿನದು, ಅಪ್ಪಟ ಸ್ವದೇಶಿ, ಆದ್ರ ನೇರವಾಗಿ ನಡೀಲಿಕ್ಕೆ ವಿಂಡೋಸೇ ಬೇಕು. ಸ್ವದೇಶಿ ತಂತ್ರಾಂಶನ ನಿಮ್ಮನ್ನ ವಿದೇಶಿ ಕಾರ್ಯಾಚರಣ ವ್ಯವಸ್ಥೆಗೆ ಕಟ್ಟಿಹಾಕಿದ ಉದಾಹರಣೆ ನಿಮ್ಮ ಮೇಜಿನ ಮ್ಯಾಲೇ ಅದ.

ಕೇಂದ್ರದ ವಿಷಯಕ್ಕ ಬಂದ್ರ, ಅಲ್ಲೂ ಎರಡು ಸಂಗತಿ ಅವ. 2015ರ ಮಾರ್ಚ್‌ನಾಗ ಬಂದ ಮುಕ್ತ ತಂತ್ರಾಂಶ ಅಳವಡಿಕೆ ನೀತಿ ಒಂದು. ಇ-ಆಡಳಿತದ ಎಲ್ಲಾ ಯೋಜನೆಯೊಳಗ ಮುಕ್ತ ತಂತ್ರಾಂಶಕ್ಕ ಆದ್ಯತೆ ಕೊಡಬೇಕು, ಟೆಂಡರಿನೊಳಗ ಅದನ್ನ ಕಡ್ಡಾಯ ಕೇಳಬೇಕು, ಪೂರೈಕೆದಾರ ಬ್ಯಾಡ ಅಂದ್ರ ಕಾರಣ ಬರದುಕೊಡಬೇಕು ಅಂತ ಅದರಾಗ ಅದ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಾಗ ನಡದದ್ದು ಬ್ಯಾರೆ: ಕೇಂದ್ರದ ಐಟಿ ಸಚಿವ ಅಶ್ವಿನಿ ವೈಷ್ಣವ್ ಅವರು ಜೋಹೊ ಬಳಸ್ತೀನಿ ಅಂದ್ರು, ಅಮಿತ್ ಶಾ ಅವರು ಮೇಲ್ ವಿಳಾಸ ಬದಲಿಸಿದ್ರು, ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಜೋಹೊ ಸೂಟ್ ಬಳಸ್ರಿ ಅಂತು. ಅದಕ್ಕೂ ಮೊದಲ, 2023ರ ಗುತ್ತಿಗೆ ಪ್ರಕಾರ ಕೇಂದ್ರದ ಸುಮಾರು 12 ಲಕ್ಷ ನೌಕರರ ಮೇಲ್ ಅಲ್ಲಿಗೆ ಹೋಗಲಿಕ್ಕತ್ತಿತ್ತು. 2025ರದ್ದು ಅಮೆರಿಕದ ಸುಂಕದ ಜಗಳದ ಕಾಲದ ಸ್ವಾವಲಂಬನೆಯ ನಿರ್ಧಾರ. ದತ್ತಾಂಶ ದೇಶದೊಳಗ ಇರ್ತದ ಅನ್ನೋದು ಸಣ್ಣ ಲಾಭ ಅಲ್ಲ. ಆದ್ರ ಅದರಿಂದ 2015ರ ನೀತಿ ಜಾರಿ ಆದಂಗ ಆಗೂದಿಲ್ಲ.

ಬೆಂಗೇರಿ ಖಾದಿ ಕೇಂದ್ರ ನೋಡ್ರಿ. ಅಲ್ಲಿ ಹೊಲಿಯೋ ರಾಷ್ಟ್ರಧ್ವಜಕ್ಕ ಬೆಲೆ ಬಂದದ್ದು ಬಟ್ಟೆ ನಮ್ಮೂರಿನದು ಅನ್ನೋದರಿಂದ ಅಷ್ಟ ಅಲ್ಲ. ಭಾರತೀಯ ಮಾನಕ ಬ್ಯೂರೋದ ಮೊದಲನೇ ಮಾನಕ, ಐಎಸ್ 1, ಅದರ ಅಳತೆ, ಬಣ್ಣ, ಬಟ್ಟೆ ಎಲ್ಲಾ ಬರದಿಟ್ಟದ. ಯಾರು ಬೇಕಾದ್ರೂ ತಗೊಂಡು ತಾಳೆ ನೋಡಬಹುದು. ತಂತ್ರಾಂಶದಾಗೂ ಆ ತಾಳೆ ನೋಡೋ ಹಕ್ಕ ಮುಖ್ಯ.

ಕೊಪ್ಪಿಕರ ರೋಡ್

ಸಪ್ತಾಪುರದವರ ಮಾತು ತಾತ್ವಿಕವಾಗಿ ಸರಿ. ಆದರೆ ವ್ಯಾಪಾರ ಮಾಡುವವರಿಗೆ ಸ್ವದೇಶಿ ಅನ್ನೋದು ಬರೀ ಭಾವನೆ ಅಲ್ಲ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹೇರಿತು. ಗುಜರಾತಿನ ವಾಡಿನಾರ್ ಸಂಸ್ಕರಣಾಗಾರ, ಭಾರತದಲ್ಲಿ ನೋಂದಾಯಿತ ಕಂಪನಿ. ರಷ್ಯಾದ ರಾಸ್‌ನೆಫ್ಟ್‌ಗೆ ಅದರಲ್ಲಿ ಶೇ 49ರಷ್ಟು ಪಾಲು. ಮೈಕ್ರೋಸಾಫ್ಟ್ ಅವರ ಮೇಲ್ ಮತ್ತಿತರ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ವಾಪಸ್ ಬಂತು. ಭಾರತದ ಕಾನೂನಿನಲ್ಲಿ ತಪ್ಪೇ ಇಲ್ಲದ ಕಡೆ, ಹಣ ಕಟ್ಟಿ ತಗೊಂಡ ಲೈಸೆನ್ಸ್ ಇದ್ದೂ ಹೀಗಾಯಿತು. ನಾಳೆ ಬೇರೆ ಯಾರಿಗಾದರೂ ಆಗಬಹುದು. ಸರ್ವರ್ ಚೆನ್ನೈಯಲ್ಲಿದ್ದರೆ ಯುರೋಪಿಯನ್ ಒಕ್ಕೂಟ ಹೇಳಿತು ಅಂತ ಯಾರೂ ಮುಚ್ಚಲ್ಲ.

ನವನಗರ ನೆಟ್‌ವರ್ಕ್

ಆ ಪ್ರಕರಣ ಎಲ್ಲರೂ ತಿಳಿದಿರಬೇಕಾದ್ದೇ. ಅದಕ್ಕೇ ಸೇವೆ ಮತ್ತು ಸಂಕೇತ ಎರಡನ್ನೂ ಬೇರೆ ಇಟ್ಟು ನೋಡಬೇಕು.

ಮುಕ್ತ ತಂತ್ರಾಂಶ ರಾಜಕೀಯದಿಂದ ಹೊರಗಿದೆ ಅಂತ ಯಾರೂ ನಂಬಬೇಡಿ. 2019ರಲ್ಲಿ ತಂತ್ರಾಂಶದ ಸಂಕೇತ ಇಡುವ ತಾಣ ಗಿಟ್‌ಹಬ್ ಅಮೆರಿಕದ ನಿರ್ಬಂಧದ ಕಾರಣ ಇರಾನ್, ಸಿರಿಯಾ, ಕ್ರಿಮಿಯಾದ ಬಳಕೆದಾರರ ಖಾಸಗಿ ಭಂಡಾರಗಳನ್ನು ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ಲಿನ ನಿರ್ವಾಹಕರ ಪಟ್ಟಿಯಿಂದ ರಷ್ಯಾ ಸಂಬಂಧದ ಹಲವರ ಹೆಸರು ತೆಗೆದರು. ನಮ್ಮ ದೇಶದಲ್ಲೇ 2022ರಲ್ಲಿ ವಿಎಲ್‌ಸಿ ಪ್ಲೇಯರಿನ ಜಾಲತಾಣ ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ, ನವೆಂಬರಿನಲ್ಲಿ ತಡೆ ತೆಗೆದರು. 2023ರಲ್ಲಿ ಕೇಂದ್ರ ಸರ್ಕಾರ 14 ಮೆಸೆಂಜರ್ ಆ್ಯಪ್ ನಿರ್ಬಂಧಿಸಿದಾಗ ಎಲಿಮೆಂಟ್, ಬ್ರಾಯರ್‌ನಂಥ ಮುಕ್ತ ತಂತ್ರಾಂಶಗಳೂ ಅದರಲ್ಲಿದ್ದವು.

ವ್ಯತ್ಯಾಸ ಏನು ಅಂದರೆ, ಮುಕ್ತವಾದದ್ದರ ಪ್ರತಿ ನಿಮ್ಮ ಹತ್ತಿರ ಇರುತ್ತೆ. ವಿಎಲ್‌ಸಿ ತಾಣ ಮುಚ್ಚಿದ್ದಾಗಲೂ ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ಬಗೆಗಳ ಭಂಡಾರಗಳಿಂದ ಅದು ಇಳಿಯುತ್ತಲೇ ಇತ್ತು. ಇನ್ನೊಂದು ಕಡೆ ಕೂ ಆ್ಯಪ್ ನೋಡಿ. ಬೆಂಗಳೂರಿನದು, 2020ರಲ್ಲಿ ಕನ್ನಡದಲ್ಲೇ ಶುರುವಾದದ್ದು, ಮಂತ್ರಿಗಳೆಲ್ಲ ಬಂದು ಖಾತೆ ತೆರೆದರು. 2024ರ ಜುಲೈನಲ್ಲಿ ಮುಚ್ಚಿತು. ಯಾವ ದೇಶವೂ ನಿರ್ಬಂಧ ಹೇರಿರಲಿಲ್ಲ, ಹಣ ಸಾಲಲಿಲ್ಲ ಅಷ್ಟೇ. ಬೇರೆ ಯಾರಾದರೂ ಅದನ್ನು ನಡೆಸಿಕೊಂಡು ಹೋಗುವ ದಾರಿ ಇರಲಿಲ್ಲ.

ಖಾತೆಪುಸ್ತಕ ಅವರೇ, ಜೋಹೊ ತಗೊಂಡರೂ ತಪ್ಪಿಲ್ಲ. ಆದರೆ ತಿಂಗಳಿಗೊಮ್ಮೆ ಎಲ್ಲ ಕಡತಗಳನ್ನು ಓಡಿಟಿ (ಓಡಿಎಫ್ ಎಂಬ ಮುಕ್ತ ಮಾನಕದ ಕಡತ) ಅಥವಾ ಡಾಕ್ಸ್ (ಎಂಎಸ್ ವರ್ಡಿನ ಕಡತ) ರೂಪದಲ್ಲಿ ಇಳಿಸಿ ಸಂಘದ ಸ್ವಂತ ಡಿಸ್ಕಿನಲ್ಲಿಡುವ ಕ್ರಮ ಮೊದಲ ದಿನವೇ ಶುರುವಾಗಲಿ. ಆ ಸೌಲಭ್ಯ ಅದರಲ್ಲಿದೆ.

ಮುದ್ರಣಕಾಶಿ

ನುಡಿ ವಿಷಯ ಯಾರೂ ಮುಟ್ಟಿಲ್ಲ, ಅದಕ್ಕ ಬರೀತೀನಿ. ನಮ್ಮ ಕಡೆ ಲಿನಕ್ಸಿಗೆ ಹೋಗಿ ವಾಪಸ್ ಬರೋ ಹತ್ತರಾಗ ಎಂಟು ಕಚೇರಿ ಇಲ್ಲೇ ಎಡವತಾವ.

ನುಡಿಯೊಳಗ ಎರಡು ಬಗಿ ಬರವಣಿಗಿ ಐತಿ: ಹಳೇ ಆಸ್ಕಿ, ಹೊಸ ಯೂನಿಕೋಡ್ (ಕನ್ನಡ ಅಕ್ಷರಕ್ಕ ತನ್ನದ ಸಂಕೇತ ಇರೋದು). ಸಂಘದ ಹತ್ತಿರ ಇಷ್ಟು ವರ್ಷದ ಠರಾವು ಇದ್ರ ಬಹುಪಾಲು ಆಸ್ಕಿಯೊಳಗ ಇರ್ತಾವ. ಅದರಾಗ ಕಡತದ ಒಳಗ ಕನ್ನಡನ ಇರೂದಿಲ್ಲ. ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರದ ಜಾಗಾದಾಗ ‘ಕ’ದ ಒಂದು ತುಂಡು, ಮತ್ತೊಂದು ಚಿಹ್ನೆಯ ಜಾಗಾದಾಗ ತಲಕಟ್ಟು. ಫಾಂಟು ಇದ್ರ ಕನ್ನಡ ಕಾಣ್ತೈತಿ, ಫಾಂಟು ತಗದ್ರ ಕಸ. ಲಿನಕ್ಸಿನೊಳಗ ಆ ಕಡತ ತಗದಾಗ ಕಸ ಕಂಡ್ರ ‘ಲಿನಕ್ಸಿಗೆ ಕನ್ನಡ ಬರೂದಿಲ್ಲ’ ಅಂತ ತೀರ್ಮಾನ ಮಾಡಿಬಿಡ್ತಾರ. ಲಿನಕ್ಸಿಗೆ ಕನ್ನಡ ಬರ್ತೈತಿ. ಆ ಕಡತದಾಗ ಕನ್ನಡ ಇಲ್ಲ.

ಸದ್ಯದ ಉಪಾಯ: ನುಡಿಯ ಟಿಟಿಎಫ್ ಫಾಂಟ್‌ಗಳನ್ನ ವಿಂಡೋಸ್ ಯಂತ್ರದಿಂದ ನಕಲು ಮಾಡಿ, ಲಿನಕ್ಸಿನ ಹೋಮ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕ್ರಿ. ಹಳೇದನ್ನ ಓದಾಕ, ಪ್ರಿಂಟ್ ತಗಿಯಾಕ ಅಷ್ಟ ಸಾಕು.

ಕಾಯಂ ಉಪಾಯ: ಯೂನಿಕೋಡಿಗೆ ಪರಿವರ್ತನೆ. ಪರಿವರ್ತಕಗಳು ಅಂತರ್ಜಾಲದಾಗ ಪುಕ್ಕಟೆ ಸಿಗ್ತಾವ, ಆದ್ರ ಸಂಘದ ಸದಸ್ಯರ ಸಾಲದ ವಿವರ ಯಾವುದೋ ವೆಬ್‌ಸೈಟಿನೊಳಗ ಅಂಟಿಸಬ್ಯಾಡ್ರಿ. ಯಂತ್ರದ ಮ್ಯಾಲೆ ನಡಿಯೋ ಮುಕ್ತ ಪರಿವರ್ತಕ ತಗೋರಿ. ತಪ್ಪು ಬೀಳೋ ಜಾಗಾ ಇವು. ಒಂದು, ಅರ್ಕಾವತ್ತು. ‘ಕರ್ನಾಟಕ’ ಬರಿವಾಗ ಆಸ್ಕಿಯೊಳಗ ‘ನಾ’ ಮೊದಲು, ಆಮ್ಯಾಲೆ ಅರ್ಕಾವತ್ತಿನ ಚಿಹ್ನೆ. ಯೂನಿಕೋಡಿನೊಳಗ ‘ರ್’ ಮೊದಲು ಬರಬೇಕು. ಪರಿವರ್ತಕ ಈ ಹಿಂದುಮುಂದು ಸರಿ ಮಾಡೇತೇನು ಅಂತ ‘ವರ್ಷ’, ‘ಕಾರ್ಯದರ್ಶಿ’, ‘ನಿರ್ದೇಶಕ’, ‘ಅರ್ಜಿ’ ಈ ನಾಕು ಶಬ್ದ ಹುಡುಕಿ ನೋಡಿದ್ರ ಗೊತ್ತಾಗಿಬಿಡ್ತೈತಿ. ಎರಡು, ಕನ್ನಡದ ನಡುವ ಇಂಗ್ಲಿಷ್ ಹೆಸರು, ಖಾತೆ ಸಂಕೇತ ಇದ್ರ ಪರಿವರ್ತಕ ಅದನ್ನೂ ಕನ್ನಡ ಅಂತ ತಿಳಿದು ಕಲಸಿ ಹಾಕತೈತಿ, ಯಾಕಂದ್ರ ಎರಡರ ಒಳಸಂಕೇತ ಒಂದ. ಕಾಪಿ ಮಾಡಿ ಅಂಟಿಸೋ ಪರಿವರ್ತಕ ಇದನ್ನ ಎಂದೂ ಸರಿ ಮಾಡೂದಿಲ್ಲ. ಕಡತದೊಳಗಿನ ಫಾಂಟಿನ ಹೆಸರು ನೋಡಿ, ನುಡಿ ಫಾಂಟ್ ಇದ್ದ ತುಂಡು ಅಷ್ಟ ಬದಲಿಸೋ ಪರಿವರ್ತಕನ ಬೇಕು. ಮೂರು, ‘ಬರಹ’ ತಂತ್ರಾಂಶದ ಹಳೇ ಫಾಂಟು ಮತ್ತು ನುಡಿ ಫಾಂಟಿನ ಸಂಕೇತ ಬಹುತೇಕ ಒಂದ ಆದ್ರೂ ‘ಶ್ರೀಲಿಪಿ’ ತಂತ್ರಾಂಶದ್ದು ಪೂರಾ ಬ್ಯಾರೆ. ಕಡತ ಬ್ಯಾರೆ ಬ್ಯಾರೆ ಮಾಡಿಕೊಂಡ ಕೂಡ್ರಿ.

ಕೀಲಿಮಣಿ ವಿಷಯಕ್ಕ ಟೈಪ್ ಮಾಡೋವರು ಅಂಜೋ ಕಾರಣ ಇಲ್ಲ. ಲಿನಕ್ಸ್ ಮಿಂಟಿನ ಕೀಬೋರ್ಡ್ ಸೆಟ್ಟಿಂಗಿನೊಳಗ ಇಂಡಿಯನ್ ಪಟ್ಟಿಗೆ ಹೋದ್ರ ‘ಕನ್ನಡ, ಕಗಪ, ಫೊನೆಟಿಕ್’ ಅಂತ ಐತಿ. ಕನ್ನಡ ಗಣಕ ಪರಿಷತ್ತಿನ ನುಡಿ ವಿನ್ಯಾಸದ ಮನೆತನದ್ದು. ಒತ್ತಕ್ಷರದ ಕೀಲಿ ಒಂದೆರಡು ಕಡೆ ಫರಕು ಅನಿಸಿದ್ರ ಐಬಸ್ ಅನ್ನೋ ಟೈಪಿಂಗ್ ವ್ಯವಸ್ಥೆ ಜೊತಿ ಎಂ17ಎನ್ ಪ್ಯಾಕೇಜ್ ಹಾಕಿ, ಅದರೊಳಗಿನ ಕೆಜಿಪಿ ವಿನ್ಯಾಸ ಆರಿಸ್ರಿ. ಎರಡನ್ನೂ ಒಮ್ಮೆಲೇ ಚಾಲೂ ಇಡಬ್ಯಾಡ್ರಿ, ಅಕ್ಷರ ಎರಡೆರಡು ಸಲ ಬದಲಾಗಿ ಗೊಂದಲ ಆಗ್ತೈತಿ.

ಲಿಬ್ರೆಆಫೀಸಿನೊಳಗ ಇನ್ನೊಂದು ಕೀಲಿ ಐತಿ. ಭಾಷಾ ಸೆಟ್ಟಿಂಗಿನೊಳಗ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಚಾಲೂ ಮಾಡಿ ಕನ್ನಡ ಆರಿಸ್ರಿ. ಅದರ ಫಾಂಟು, ಗಾತ್ರ ಎರಡೂ ಇಂಗ್ಲಿಷಿನಿಂದ ಬ್ಯಾರೆ ಇರ್ತಾವ. ‘ಸ್ಟೈಲ್‌ನ್ಯಾಗ 14 ಮಾಡಿದ್ರೂ ಕನ್ನಡ 12ರಾಗ ಉಳಿದೈತಿ’ ಅನ್ನೋ ದೂರು ಬರೂದು ಇದಕ್ಕ. ವಿಂಡೋಸಿನ ತುಂಗಾ, ನಿರ್ಮಲಾ ಫಾಂಟು ಲಿನಕ್ಸಿನಾಗ ಇರೂದಿಲ್ಲ, ಹಿಂಗಾಗಿ 2 ಪುಟದ ನೋಟಿಸು 3 ಪುಟ ಆಗ್ತೈತಿ. ಎಲ್ಲಾ ಯಂತ್ರದಾಗೂ ನೋಟೊ ಸೆರಿಫ್ ಕನ್ನಡ ಒಂದ ಇಟ್ಟುಕೊಂಡು, ಕಡತದ ಗುಣಲಕ್ಷಣದೊಳಗ ಫಾಂಟ್ ಹುದುಗಿಸೋ ಆಯ್ಕೆ ಗುರುತು ಹಾಕ್ರಿ.

ನಮ್ಮ ಪ್ರೆಸ್ಸಿನವರಿಗೂ ಒಂದು ಮಾತು. ಪುಟ ಕಟ್ಟೋ ಹಳೇ ತಂತ್ರಾಂಶ ಪೇಜ್‌ಮೇಕರಿನ ಕಡೇ ಆವೃತ್ತಿ 7 ಬಂದದ್ದು 2001ರಾಗ, ಅದಕ್ಕ ಯೂನಿಕೋಡ್ ಬರೂದಿಲ್ಲ. ಗದಗಿನಾಗ ಇನ್ನೂ ಅದರ ಮ್ಯಾಲೆ ಆಮಂತ್ರಣ, ಕ್ಯಾಲೆಂಡರ್, ಪಂಚಾಂಗ ನಡದಾವ. ಪುಟ ಕಟ್ಟೋ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6 ಕನ್ನಡದ ಒತ್ತು, ಅರ್ಕಾವತ್ತು ಸರಿಯಾಗಿ ಕೂಡ್ರಸತೈತಿ, ನಾಕು ಬಣ್ಣದ ಪಿಡಿಎಫ್ ಕೊಡತೈತಿ. ಪ್ಲೇಟ್ ಮಾಡೋವರಿಗೆ ಪಿಡಿಎಫ್ ಸಿಕ್ಕರ ಯಾವ ತಂತ್ರಾಂಶ ಅಂತ ಕೇಳೂದಿಲ್ಲ. ಚಿತ್ರ ಬರಿಯೋ ಇಂಕ್‌ಸ್ಕೇಪ್ ಕನ್ನಡಕ್ಕ ಚಲೋ, ಆದ್ರ ನಾಕು ಬಣ್ಣ ಬೇರ್ಪಡಿಸೋ ಕೆಲಸ ಅದರಾಗ ಮಾಡಬ್ಯಾಡ್ರಿ. ಚಿತ್ರ ಅಲ್ಲಿ ಬರದು, ಪುಟ ಸ್ಕ್ರೈಬಸಿನಾಗ ಕಟ್ರಿ.

ಬೆಟಗೇರಿ ಖಾತೆಪುಸ್ತಕ

ಭಾಳ ಉಪಕಾರ ಆತ್ರಿ. ಪ್ರಿಂಟರ್, ಡಿಜಿಟಲ್ ಸಹಿ, ಎಕ್ಸೆಲ್ ನಮೂನೆ ಉಳದಾವ. ಕೌಂಟರಿನಾಗ ಎಪ್ಸನ್ ಪಿಎಲ್‌ಕ್ಯು 20, ಒಳಗ ಎಚ್‌ಪಿ 1020 ಎರಡು, ಕ್ಯಾನನ್ 2900 ಒಂದು ಐತಿ.

ವಿದ್ಯಾನಗರ ಹಾರ್ಡ್‌ವೇರ್

ಪಿಎಲ್‌ಕ್ಯು 20ಕ್ಕ ಎಪ್ಸನ್ 24 ಪಿನ್ ಡ್ರೈವರ್ ಲಿನಕ್ಸಿನಾಗ ಮೊದಲ ಇರ್ತದ. ಕಾಗದದ ಗಾತ್ರ ನಿಮ್ಮ ಪಾಸ್‌ಬುಕ್ಕಿಗೆ ಅಳತಿ ತಗದು ಹೊಸದಾಗಿ ಬರಸ್ರಿ. ಎ4 ಅಂತ ಬಿಟ್ರ ಸಾಲು ಕೆಳಗ ಜಾರ್ತಾವ. ಪ್ರಿಂಟರಿನ ಒಳಗ ಕನ್ನಡ ಅಕ್ಷರ ಇಲ್ಲ, ಹಿಂಗಾಗಿ ಕನ್ನಡ ಹೊಡದ್ರ ಚಿತ್ರದ ಹಂಗ ಸಾಲು ಸಾಲು ನಿಧಾನ ಬರ್ತದ. ನಮೂದು ಇಂಗ್ಲಿಷ್ ಅಂಕಿಯೊಳಗ ಇಡ್ರಿ, ಹೆಸರಿನ ಪುಟ ಮಾತ್ರ ಕನ್ನಡ ಇರಲಿ.

ಎಚ್‌ಪಿ 1020ರೊಳಗ ಫರ್ಮ್‌ವೇರ್ (ಪ್ರಿಂಟರಿನ ಒಳಗ ನಡಿಯೋ ತಂತ್ರಾಂಶ) ಕಾಯಂ ಉಳಿಯೂದಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗ ಕಂಪ್ಯೂಟರ್ ಅದಕ್ಕ ಫರ್ಮ್‌ವೇರ್ ಕಳಿಸಬೇಕು. ಎಚ್‌ಪ್ಲಿಪ್ ಅನ್ನೋ ಮುಕ್ತ ಡ್ರೈವರ್ ಅದ, ಆದ್ರ ಫರ್ಮ್‌ವೇರ್ ಮುಚ್ಚಿದ ಪ್ಲಗಿನ್ ರೂಪದಾಗ ಬ್ಯಾರೆ ಇಳಸಬೇಕು. ಎಚ್‌ಪ್ಲಿಪ್ ಆವೃತ್ತಿ ಮತ್ತು ಪ್ಲಗಿನ್ ಆವೃತ್ತಿ ಅಂಕಿ ಸಹಿತ ಒಂದ ಇರಬೇಕು. ಅಪ್‌ಡೇಟ್ ಆದ ಮರುದಿನ ‘ನಿನ್ನೆ ನಡದಿತ್ತು, ಇವತ್ತು ದೀಪ ಮಿಣಮಿಣ ಅಂತದ, ಕಾಗದ ಬರವಲ್ದು’ ಅಂದ್ರ ಕಾರಣ ಇದ. ಪ್ಲಗಿನ್ ಮತ್ತೊಮ್ಮೆ ಹಾಕಿದ್ರ ಸರಿ ಆಗ್ತದ.

ಕ್ಯಾನನ್ 2900 ತ್ರಾಸಿನ ಗಿರಾಕಿ. ಅದರದು ಕ್ಯಾಪ್ಟ್ ಅನ್ನೋ ಕ್ಯಾನನ್ನಿನ ಸ್ವಂತ ಭಾಷಾ. ಕಂಪನಿಯ ಹಳೇ ಲಿನಕ್ಸ್ ಡ್ರೈವರ್ ಹಿಂದ ಒಂದು ಸೇವೆ ಸದಾ ನಡೀತಿರಬೇಕು, ಅದು ಆಗಾಗ ನಿಲ್ತದ. ಅದನ್ನ ಟ್ಯಾಲಿ ಸಲುವಾಗಿ ವಿಂಡೋಸ್ ಉಳಿಸೋ ಒಂದು ಯಂತ್ರಕ್ಕ ಹಚ್ಚಿಬಿಡ್ರಿ. ಮುಂದ ಹೊಸ ಪ್ರಿಂಟರ್ ತಗೊಳ್ಳೋವಾಗ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಇಲ್ಲಾ ಐಪಿಪಿ ಎವರಿವೇರ್, ಲಿನಕ್ಸಿಗೂ ತಿಳಿಯೋ ಈ ಮೂರರಾಗ ಒಂದು ಅದನೋ ಇಲ್ಲೋ ಪೆಟ್ಟಿಗಿ ಮ್ಯಾಲೆ ಓದಿ ತಗೋರಿ.

ಡಿಜಿಟಲ್ ಸಹಿ ಟೋಕನ್: ಟೋಕನ್ ಮಾದರಿಯ ಲಿನಕ್ಸ್ ಡ್ರೈವರ್ ಅದನೋ ಮೊದಲ ನೋಡ್ರಿ. ಇಪಾಸ್ 2003 ಮಾದರಿಗೆ ಓಪನ್‌ಎಸ್‌ಸಿ ಅನ್ನೋ ಮುಕ್ತ ತಂತ್ರಾಂಶದ ಬೆಂಬಲ ಅದ, ಆದ್ರ ನಿಮ್ಮ ಟೋಕನ್ ಅದರ ಜೊತಿ ನಡೀತದೋ ಇಲ್ಲೋ ಪರೀಕ್ಷೆ ಮಾಡಿ ನೋಡ್ರಿ. ಟೋಕನ್ ಓದೋ ಪಿಸಿಎಸ್‌ಸಿ ಸೇವೆ ಚಾಲೂ ಇರಬೇಕು, ಫೈರ್‌ಫಾಕ್ಸಿನ ಭದ್ರತಾ ಸಾಧನಗಳ ಪಟ್ಟಿಗೆ ಟೋಕನ್ನಿನ ಮಾಡ್ಯೂಲ್ ಕೂಡಿಸಬೇಕು. ಆದ್ರ ಒಂದೊಂದು ಪೋರ್ಟಲ್ ಒಂದೊಂದು ಸಹಿ ತಂತ್ರಾಂಶ ಕೇಳ್ತದ, ಅವುಗಳೊಳಗ ಹಲವು ವಿಂಡೋಸಿಗೆ ಅಷ್ಟ. ಸಹಿ ಕೆಲಸನೂ ಆ ಒಂದ ಯಂತ್ರದಾಗ ಇಡೋದು ಶಾಣ್ಯಾತನ.

ಎಕ್ಸೆಲ್ ನಮೂನೆಯೊಳಗ ಬರೀ ಕೋಷ್ಟಕ, ಕೂಡೋದು ಕಳಿಯೋದು ಇದ್ರ ಲಿಬ್ರೆಆಫೀಸಿನ ಕ್ಯಾಲ್ಕ್ ಸಾಕು. ಮ್ಯಾಕ್ರೋ (ಕಡತದೊಳಗ ಬರದಿಟ್ಟ ಸಣ್ಣ ಪ್ರೋಗ್ರಾಮ್) ಇದ್ದ ನಮೂನೆ ತುಂಬಿ ಕ್ಯಾಲ್ಕಿನಾಗ ಉಳಿಸಿದ್ರ ಇಲಾಖೆ ಪೋರ್ಟಲ್ ತಿರಸ್ಕಾರ ಮಾಡಬಹುದು. ಅದಕ್ಕ ಕಾಯಂ ದಾರಿ ಒಂದ: ನಮೂನೆ ಮಾಡೋವರು ಮ್ಯಾಕ್ರೋ ಬಿಟ್ಟು ವೆಬ್ ಅರ್ಜಿ ಕೊಡಬೇಕು. ಕೇಂದ್ರದ 2010ರ ಮುಕ್ತ ಮಾನಕ ನೀತಿ ಇ-ಆಡಳಿತದಾಗ ಮುಕ್ತ ಮಾನಕ ಬಳಸ್ರಿ ಅಂತದ. ಇಲಾಖೆಗೆ ಮನವಿ ಬರೀರಿ.

ಹಾವೇರಿ ಗಣಿತ ಮಾಸ್ತರ

ಸಂಘದ ಮಾತಿನ ನಡುವೆ ಶಾಲೆಯ ವಿಷಯ ತರುತ್ತಿದ್ದೇನೆ, ಯಾಕಂದರೆ ಈ ಚರ್ಚೆಯ ಬೇರು ಅಲ್ಲಿದೆ. ಟೈಪ್ ಮಾಡುವ ಹುಡುಗ-ಹುಡುಗಿಯರು ಶಾಲೆಯಲ್ಲಿ ಏನು ಕಲಿತು ಬರುತ್ತಾರೋ ಕಚೇರಿಯಲ್ಲಿ ಅದನ್ನೇ ಕೇಳುತ್ತಾರೆ.

ಕೇರಳದವರು 2001ರಲ್ಲಿ ಐಟಿ ಅಟ್ ಸ್ಕೂಲ್ ಶುರು ಮಾಡಿ, ಕೆಲವೇ ವರ್ಷಗಳಲ್ಲಿ ಪೂರ್ತಿ ಮುಕ್ತ ತಂತ್ರಾಂಶಕ್ಕೆ ಹೋದರು. ಈಗ ಅದೇ ಕೈಟ್ ಸಂಸ್ಥೆ. ಎಡರಂಗ ಬಂತು, ಐಕ್ಯರಂಗ ಬಂತು, ಮತ್ತೆ ಎಡರಂಗ ಬಂತು. ಶಾಲೆಯ ಲಿನಕ್ಸ್ ಉಳಿಯಿತು. ಕಾರಣ ಪಕ್ಷದ ಪ್ರಣಾಳಿಕೆಯಲ್ಲ. ಪಠ್ಯಪುಸ್ತಕ ಅದರ ಮೇಲೆ ಬರೆದರು, ಹತ್ತನೇ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆ ಅದರ ಮೇಲೆ ಇಟ್ಟರು, ಪ್ರತಿ ಜಿಲ್ಲೆಯಲ್ಲಿ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿದರು. ತೆಗೆದುಹಾಕಬೇಕಾದರೆ ಈ ಮೂರನ್ನೂ ಕೀಳಬೇಕು.

ನಮ್ಮಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಮಾಡಿದ್ದರು. ಉಬುಂಟು, ಜಿಯೋಜೀಬ್ರಾ ಇಟ್ಟುಕೊಂಡು ಶಿಕ್ಷಕರೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ಪಾಠ ಬರೆದರು. ಕೆಲಸ ಉತ್ತಮವಾಗಿತ್ತು, ಆದರೆ ಪರೀಕ್ಷೆಗೆ ಅದನ್ನು ಜೋಡಿಸಲಿಲ್ಲ. ಪರೀಕ್ಷೆಯಲ್ಲಿ ಇಲ್ಲದ್ದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ.

ಇನ್ನು 2025ರ ನವೆಂಬರಿನಲ್ಲಿ ಕಿಯೋನಿಕ್ಸ್ ಹೊರತಂದ ‘ಕಿಯೋ’ ಕಂಪ್ಯೂಟರ್. ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್, ಮೇಲೆ ಲಿನಕ್ಸ್. ರಾಜ್ಯ ಸರ್ಕಾರವೇ ಇಂಥದ್ದನ್ನು ಮುಂದೆ ತಂದದ್ದು ಸಂತೋಷ. ಆದರೆ ಕೊಳ್ಳುವವರಿಗೆ ಒಂದು ವಿಷಯ ಸ್ಪಷ್ಟವಾಗಿರಲಿ: ಅದು ಇಂಟೆಲ್ ಭಾಷೆಯ ಯಂತ್ರವಲ್ಲ. ವಿಂಡೋಸಿನ ಟ್ಯಾಲಿ, ನುಡಿ ಅದರ ಮೇಲೆ ನೇರವಾಗಿ ಓಡುವುದಿಲ್ಲ. ಪ್ರಿಂಟರಿನ ಮುಚ್ಚಿದ ಪ್ಲಗಿನ್ನುಗಳೂ ಸಾಮಾನ್ಯವಾಗಿ ಇಂಟೆಲ್‌ಗೆ ಕಟ್ಟಿದ್ದು. ಬ್ರೌಸರ್, ಲಿಬ್ರೆಆಫೀಸ್, ಪೈಥಾನ್ ಕಲಿಕೆ ಇವಕ್ಕೆ ಸರಿ. ಶಾಲೆಗೆ ಯೋಚಿಸಬಹುದು, ಸಂಘದ ಕೌಂಟರಿಗೆ ಬೇಡ.

ಕೊಪ್ಪಿಕರ ರೋಡ್

ಮಾಸ್ತರ ಮಾತು ಒಪ್ಪಿದೆ. ಆದರೆ ಮ್ಯೂನಿಕ್ ನಗರ ಲಿನಕ್ಸಿಗೆ ಹೋಗಿ ಸೋತು ವಾಪಸ್ ಬಂತಲ್ಲ? ಅಷ್ಟು ದೊಡ್ಡ ಪಾಲಿಕೆಗೇ ಆಗದ್ದು ನಮಗೆ ಆಗುತ್ತಾ?

ನವನಗರ ನೆಟ್‌ವರ್ಕ್

ಅಲ್ಲಿ ತಾಂತ್ರಿಕವಾಗಿ ಸೋತಿರಲಿಲ್ಲ ಸರ್. 2003ರಲ್ಲಿ ನಗರಸಭೆ ನಿರ್ಧಾರ ಮಾಡಿತು, 2013ರ ಹೊತ್ತಿಗೆ ಸುಮಾರು 15,000 ಯಂತ್ರ ಬದಲಾಗಿದ್ದವು. ಮೇಯರ್ ಬದಲಾದರು. 2016ರಲ್ಲಿ ಮೈಕ್ರೋಸಾಫ್ಟಿನ ಜರ್ಮನಿ ಕೇಂದ್ರ ಕಚೇರಿ ಮ್ಯೂನಿಕ್ಕಿಗೇ ಬಂತು, 2017ರಲ್ಲಿ ನಗರಸಭೆ ವಿಂಡೋಸಿಗೆ ಮರಳಲು ಮತ ಹಾಕಿತು. 2020ರ ಹೊಸ ಮೈತ್ರಿಕೂಟ ಮತ್ತೆ ‘ಸಾರ್ವಜನಿಕ ಹಣಕ್ಕೆ ಸಾರ್ವಜನಿಕ ಸಂಕೇತ’ ಅಂದಿತು. ಬ್ರೆಜಿಲ್ಲಿನಲ್ಲೂ 2003ರಲ್ಲಿ ಲೂಲಾ ಸರ್ಕಾರ ತಂದದ್ದನ್ನು 2016ರ ಸರ್ಕಾರ ತಿರುಗಿಸಿತು.

ಮ್ಯೂನಿಕ್ಕಿನಲ್ಲಿ ನಿಜವಾದ ತೊಂದರೆ ಒಂದಿತ್ತು: ತಮ್ಮದೇ ಪ್ರತ್ಯೇಕ ಲಿನಕ್ಸ್ ಕಟ್ಟಿಕೊಂಡು ಅದನ್ನು ಕಾಲಕ್ಕೆ ಸರಿಯಾಗಿ ನವೀಕರಿಸಲು ಹೆಣಗಿದರು. ನಾವು ಆ ದಾರಿ ಹಿಡಿಯಬಾರದು. ಎಲ್ಲರೂ ಬಳಸುವ ಮಿಂಟ್ ಅಥವಾ ಡೆಬಿಯನ್ ಇದ್ದ ಹಾಗೇ ಬಳಸಬೇಕು.

ಈಗ ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 30,000 ಯಂತ್ರಗಳನ್ನು ಬದಲಿಸುತ್ತಿದೆ. ಅವರು ಮೊದಲು ಲಿಬ್ರೆಆಫೀಸ್, ಆಮೇಲೆ ಮೇಲ್, ಕೊನೆಗೆ ಲಿನಕ್ಸ್ ಅಂತ ಕ್ರಮ ಇಟ್ಟುಕೊಂಡಿದ್ದಾರೆ. ಕಡತದ ರೂಪ ಮೊದಲು ಬದಲಾದರೆ ಕಾರ್ಯಾಚರಣ ವ್ಯವಸ್ಥೆ ಬದಲಿಸುವುದು ಸಣ್ಣ ಕೆಲಸ.

ಭಾರತದ ದಾಖಲೆಯೂ ಇಲ್ಲಿ ಗಟ್ಟಿ. ಮೈಕ್ರೋಸಾಫ್ಟಿನ ಓಓಎಕ್ಸ್‌ಎಂಎಲ್ (ಡಾಕ್ಸ್ ಕಡತದ ರೂಪ) ಅಂತರರಾಷ್ಟ್ರೀಯ ಮಾನಕ ಆಗಬೇಕೆಂದು ಮತಕ್ಕೆ ಬಂದಾಗ ಮಾನಕ ಬ್ಯೂರೋ 2007ರಲ್ಲಿ ಬೇಡ ಅಂದಿತು, 2008ರಲ್ಲೂ ಬೇಡ ಅಂದಿತು. ಅದು ಪಾಸಾದ ಮೇಲೆ ದಕ್ಷಿಣ ಆಫ್ರಿಕಾ, ಬ್ರೆಜಿಲ್, ವೆನೆಜುವೆಲಾ ಜೊತೆ ಭಾರತ ಮೇಲ್ಮನವಿಯನ್ನೂ ಹಾಕಿತು. ಆ ನಿಲುವು ತಗೊಂಡ ದೇಶದ ಕಚೇರಿಗಳಲ್ಲಿ ಇವತ್ತೂ ಸುತ್ತೋಲೆ ಡಾಕ್ಸ್‌ನಲ್ಲೇ ಓಡಾಡುವುದು ನೋವಿನ ವಿಷಯ.

ಕಣಗಿನಹಾಳ ದಾರಿ

ಸಹಕಾರ ಅಂದಮ್ಯಾಲೆ ನಾವೂ ಮಾತಾಡಬೇಕು. 1905ರಾಗ ಸಿದ್ದನಗೌಡ ಪಾಟೀಲರು ಕಣಗಿನಹಾಳದಾಗ ಸಂಘ ಕಟ್ಟಿದ ಜಿಲ್ಲೆ ಇದು. ಈಗ ಕೃಷಿ ಪತ್ತಿನ ಸಂಘಗಳ ಲೆಕ್ಕ ಎಲ್ಲಾ ಒಂದ ರಾಷ್ಟ್ರೀಯ ತಂತ್ರಾಂಶಕ್ಕ ಹೊಂಟೈತಿ. 2022ರ ಜೂನ್‌ನಾಗ ಕೇಂದ್ರ ಸಂಪುಟ 63,000 ಸಂಘಕ್ಕ 2,516 ಕೋಟಿ ರೂಪಾಯಿ ಮಂಜೂರು ಮಾಡಿತು, ನಬಾರ್ಡ್ ನಡಸತೈತಿ. ಸಹಕಾರ ರಾಜ್ಯಪಟ್ಟಿಯ ವಿಷಯ, ಕೇಂದ್ರಕ್ಕ ಪ್ರತ್ಯೇಕ ಸಹಕಾರ ಸಚಿವಾಲಯ ಬಂದದ್ದು 2021ರಾಗ. ಲೆಕ್ಕ ಒಂದ ನಮೂನಿಯೊಳಗ ಬರೂದು ಆಡಿಟಿಗೆ ಭಾಳ ಅನುಕೂಲ, ಅದನ್ನ ಅಲ್ಲಗಳಿಯೂದಿಲ್ಲ. ಆದ್ರ ಸಂಘದ ಖಾತೆ ಸಂಘದ ಆಸ್ತಿ. ಕಾರ್ಯದರ್ಶಿಗಳು ಕೇಳಬೇಕಾದ್ದು: ಸದಸ್ಯರ ಪಟ್ಟಿ, ಸಾಲದ ಖಾತೆ, ದಿನವಹಿ ಮೂರನ್ನೂ ನಮಗ ಬೇಕಾದಾಗ ಸಿಎಸ್‌ವಿ (ಸಾದಾ ಕೋಷ್ಟಕದ ಕಡತ) ರೂಪದಾಗ ಇಳಿಸಿಕೊಳ್ಳಾಕ ಬರ್ತೈತೇನು? ನೆಟ್ ಇಲ್ಲದ ದಿನ ಕೌಂಟರ್ ಹೆಂಗ?

ಪತ್ತಿನ ಸಂಘಗಳು ಖಾಸಗಿ ತಂತ್ರಾಂಶ ಕೊಳ್ಳೋವಾಗ ಒಪ್ಪಂದದಾಗ ಇದನ್ನ ಬರಸ್ರಿ, ಹಿಂಗ ಇದ್ರ ಸಾಕು: ‘ಎಲ್ಲ ದತ್ತಾಂಶ ಸಂಘದ ಸ್ವತ್ತು. ಸಂಘ ಕೇಳಿದ 15 ದಿನದೊಳಗೆ ಪೂರ್ಣ ದತ್ತಾಂಶವನ್ನು ಸಿಎಸ್‌ವಿ ರೂಪದಲ್ಲಿ, ಕೋಷ್ಟಕಗಳ ವಿವರಣೆ ಸಹಿತ, ಶುಲ್ಕವಿಲ್ಲದೆ ಕೊಡತಕ್ಕದ್ದು. ಕನ್ನಡ ಪಠ್ಯ ಯೂನಿಕೋಡಿನಲ್ಲಿರತಕ್ಕದ್ದು. ಪೂರೈಕೆದಾರರು ಸೇವೆ ನಿಲ್ಲಿಸಿದಲ್ಲಿ ಮೂಲ ಸಂಕೇತವನ್ನು ಸಂಘಕ್ಕೆ ಒಪ್ಪಿಸತಕ್ಕದ್ದು.’ ಕಡೇ ವಾಕ್ಯಕ್ಕ ಪೂರೈಕೆದಾರ ಒಪ್ಪಲಿಲ್ಲ ಅಂದ್ರ ಉಳಿದ ಮೂರು ಬಿಡಬ್ಯಾಡ್ರಿ. ಟೆಂಡರಿನೊಳಗ ‘ಎಂಎಸ್ ಆಫೀಸ್ ಬೇಕು’ ಅಂತ ಬ್ರ್ಯಾಂಡ್ ಹೆಸರು ಬರಿಯೂದು ಬಿಟ್ಟು ‘ಓಡಿಎಫ್ ಕಡತ ತೆರೆಯುವ, ಉಳಿಸುವ ಕಚೇರಿ ತಂತ್ರಾಂಶ’ ಅಂತ ಬರೀರಿ.

ಸಪ್ತಾಪುರ ಸರ್ವರ್

‘ಪುಕ್ಕಟೆ’ ಅನ್ನೋ ಕಾರಣ ಮಂಡಳಿ ಮುಂದ ಇಡಬ್ಯಾಡ್ರಿ. ನಮ್ಮ ಊರಾಗ ಭಾಳ ಕಡೆ ವಿಂಡೋಸ್, ಆಫೀಸ್, ಕೋರೆಲ್ ಕದ್ದ ಪ್ರತಿ. ಅವರಿಗೆ ಅದೂ ಪುಕ್ಕಟೇನ. ಕದ್ದ ಪ್ರತಿಯ ಕೀಲಿ ಒಡೆಯೋ ಪ್ರೋಗ್ರಾಮಿನ ಜೊತಿ ವೈರಸ್ ಬರ್ತದ, ಠೇವಣಿದಾರರ ವಿವರ ಇರೋ ಯಂತ್ರದಾಗ ಅದು ಇರಬಾರದು, ಈ ಕಾರಣ ಹೇಳ್ರಿ.

ಕೆಲಸದ ಕ್ರಮ ಹೇಳ್ತೀನಿ. ಮೊದಲ ಎಲ್ಲಾ 9 ಯಂತ್ರದಾಗ, ವಿಂಡೋಸ್ ಇದ್ದಾಗಲೇ ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಹಾಕಿ ಎರಡು ತಿಂಗಳು ಬಳಸ್ರಿ. ಹೊಸ ಠರಾವು, ನೋಟಿಸು ಯೂನಿಕೋಡಿನಾಗೇ ಬರೀಲಿ. ಆ ಎರಡು ತಿಂಗಳಾಗ ಯಾವ ಕಡತ ತಗೀಲಿಲ್ಲ ಅಂತ ಒಂದು ವಹಿ ಇಡ್ರಿ, ಅದರಿಂದನ ಯಾವ ಯಂತ್ರ ವಿಂಡೋಸಿನಾಗ ಉಳಿಬೇಕು ಅಂತ ತಿಳೀತದ.

ಆಮ್ಯಾಲೆ ಹಾರ್ಡ್ ಡಿಸ್ಕ್ ತಗದು 256 ಜಿಬಿ ಎಸ್‌ಎಸ್‌ಡಿ ಹಾಕ್ರಿ. ಹಳೇ ಡಿಸ್ಕ್ ಅಳಸಬ್ಯಾಡ್ರಿ, ಚೀಟಿ ಹಚ್ಚಿ ಕಪಾಟಿನಾಗ ಇಡ್ರಿ. ಅದಕ್ಕಿಂತ ಒಳ್ಳೆ ಬ್ಯಾಕಪ್ ಇಲ್ಲ. ಸಾಧ್ಯ ಇದ್ರ ರ‍್ಯಾಮ್ 8 ಜಿಬಿ ಮಾಡ್ರಿ. ಆಗಲಿಲ್ಲ ಅಂದ್ರ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ 4 ಜಿಬಿಯೊಳಗೂ ನಡೀತದ, 2029ರವರೆಗೆ ಅಪ್‌ಡೇಟ್ ಅದ. ಪೆನ್‌ಡ್ರೈವಿನಿಂದ ಲೈವ್ ಚಾಲೂ ಮಾಡಿ ಪ್ರಿಂಟರ್, ನೆಟ್‌ವರ್ಕ್, ಟೋಕನ್ ಪರೀಕ್ಷೆ ಮಾಡಿದ ಮ್ಯಾಲೆ ಸ್ಥಾಪನಾ. ಮೊದಲ ಒಂದು ಯಂತ್ರ, ಒಂದು ತಿಂಗಳು ಬಿಟ್ಟು ಎರಡು, ಆಮ್ಯಾಲೆ ಉಳಿದವು. ಮಾರ್ಚ್, ಏಪ್ರಿಲ್‌ನಾಗ ಮುಟ್ಟಬ್ಯಾಡ್ರಿ, ವರ್ಷದ ಲೆಕ್ಕ ಮುಗೀಲಿ. ಮಹಾಸಭೆ ನೋಟಿಸಿನ ಹೊತ್ತಿನಾಗೂ ಬ್ಯಾಡ.

ಬೆಟಗೇರಿ ಖಾತೆಪುಸ್ತಕ

ಹಂಗಾದ್ರ 8 ಲಿನಕ್ಸ್, 1 ವಿಂಡೋಸ್ ಅಂತ ಮಂಡಳಿಗೆ ಟಿಪ್ಪಣಿ ಬರೀತೀನಿ. ಆ ಒಂದು ವಿಂಡೋಸ್ ಯಂತ್ರ ಹಳೇದ ಇಟ್ಟುಕೊಂಡ್ರ ನಡೀತೈತೇನ್ರಿ? ಟ್ಯಾಲಿ ಉಳಿದವರು ಹೆಂಗ ನೋಡಬೇಕು?

ವಿದ್ಯಾನಗರ ಹಾರ್ಡ್‌ವೇರ್

ಆ ಒಂದನ್ನ ಹೊಸದ ತಗೋರಿ, ವಿಂಡೋಸ್ 11 ಪ್ರೊ ಸಹಿತ. ಮನೆ ಬಳಕೆದಾರರಿಗೆ ವಿಂಡೋಸ್ 10ರ ವಿಸ್ತರಿತ ಅಪ್‌ಡೇಟ್ ಅಂತ ಒಂದು ಯೋಜನೆ ಬಂದದ, ಸಂಸ್ಥೆಗಳಿಗೆ ಅದು ಅಲ್ಲ; ಸಂಸ್ಥೆಗಳ ದರ ವರ್ಷದಿಂದ ವರ್ಷಕ್ಕ ದುಪ್ಪಟ್ಟು ಆಗ್ತದ. ಪ್ರೊ ಯಾಕಂದ್ರ ಅದಕ್ಕ ರಿಮೋಟ್ ಡೆಸ್ಕ್‌ಟಾಪ್ (ಬ್ಯಾರೆ ಯಂತ್ರದಿಂದ ಅದರ ಪರದೆ ನಡಸೋ ಸೌಲಭ್ಯ) ಇರ್ತದ. ಲಿನಕ್ಸ್ ಯಂತ್ರದಾಗ ಅದಕ್ಕ ಕೂಡೋ ರೆಮಿನಾ ಅನ್ನೋ ತಂತ್ರಾಂಶ ಹಾಕಿದ್ರ ಟ್ಯಾಲಿ ನೋಡಬಹುದು, ಆದ್ರ ಒಮ್ಮೆಗೆ ಒಬ್ಬರ. ಇಬ್ಬರು ಮೂವರು ಕೂಡೇ ನಮೂದು ಮಾಡೋರಿದ್ರ ಇದು ಸಾಲೂದಿಲ್ಲ, ಆಗ ಟ್ಯಾಲಿಯ ಬಹುಬಳಕೆದಾರ ಲೈಸೆನ್ಸ್ ಜೊತಿ ಎರಡನೇ ವಿಂಡೋಸ್ ಯಂತ್ರ ಬೇಕಾಗ್ತದ.

ದಿನಾ ಸಂಜಿ ಟ್ಯಾಲಿಯ ಡೇಟಾ ಫೋಲ್ಡರ್ ಒಂದು ಲಿನಕ್ಸ್ ಯಂತ್ರಕ್ಕ ನಕಲು ಆಗಲಿ. ತಿಂಗಳ ಕಡೆಗೆ ಲೆಡ್ಜರ್ ಮತ್ತು ವೋಚರ್ ಎಲ್ಲಾ ಎಕ್ಸ್‌ಎಂಎಲ್ ರೂಪದಾಗ ರಫ್ತು ಮಾಡಿ ಬ್ಯಾರೆ ಡಿಸ್ಕಿನಾಗ ಇಡ್ರಿ. ಫೋಲ್ಡರಿನ ನಕಲು ಓದಲಿಕ್ಕೆ ಟ್ಯಾಲಿನ ಬೇಕು, ಎಕ್ಸ್‌ಎಂಎಲ್ ಯಾವ ತಂತ್ರಾಂಶಕ್ಕಾದ್ರೂ ಒಯ್ಯಬಹುದು.